ಟ್ರಯಥ್ಲಾನ್ ಎಂಬ ತ್ರಿವಿಧ ಸ್ಪರ್ಧೆ

ಕಾಲೇಜಿನ ಕ್ರೀಡಾದಿನದಂದು ಓಟದ ಪಂದ್ಯದಲ್ಲಿ ಗೆಲ್ಲುವವನು ಒಬ್ಬ. ಅವನ ಹಿಂದೆ ಓಡಿದವರು ಏಳೆಂಟು ಮಂದಿ. ಸುತ್ತಲೂ ನಿಂತು ಚಪ್ಪಾಳೆ ತಟ್ಟಿದವರು ನೂರಾರು. ಈ ನೂರಾರು ಮಂದಿಯಲ್ಲಿ ಬಹುಪಾಲಿನವರು, ಆಟವೆಂಬುದು ನಮಗಲ್ಲ, ಅದು ಹುಟ್ಟಿನಿಂದಲೇ ಬಲಶಾಲಿಗಳಾದವರಿಗೆ ಎಂದು ತೀರ್ಮಾನಿಸಿಕೊಂಡುಬಿಟ್ಟಿದ್ದಾರೆ. ಎರಡು ವರ್ಷಗಳ ಹಿಂದೆ ನಾನೂ ಆ ಗುಂಪಿನವನೇ ಆಗಿದ್ದೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದಕ್ಕೆ ಟ್ರಯಥ್ಲಾನ್ ಎಂಬ ಸ್ಪರ್ಧೆ ಒಂದು ಒಳ್ಳೆಯ ಒರೆಗಲ್ಲು. ಅದರ ಹುಟ್ಟು, ಅದರ ಲೆಕ್ಕಾಚಾರ, ಅದಕ್ಕೆ ಬೇಕಾದ ಸಿದ್ಧತೆ, ಅದರಲ್ಲಿರುವ ಅಪಾಯ ಇವುಗಳನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಸ್ಪರ್ಧೆಯ ಸ್ವರೂಪ

ಟ್ರಯಥ್ಲಾನ್ ಎಂದರೆ ಮೂರು ಆಟಗಳನ್ನು ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಆಡುವ ಪಂದ್ಯ. ಮೊದಲು ಈಜು, ಆಮೇಲೆ ಸೈಕಲ್ ಸವಾರಿ, ಕೊನೆಗೆ ಓಟ. ಗಡಿಯಾರ ಮಾತ್ರ ಒಂದೇ. ನೀರಿಗೆ ಇಳಿದಾಗ ಹೊರಟ ಮುಳ್ಳು ಓಟದ ಕೊನೆಯ ಗೆರೆಯನ್ನು ದಾಟುವವರೆಗೆ ನಿಲ್ಲುವುದಿಲ್ಲ. ಒದ್ದೆ ಮೈಯಲ್ಲಿ ಹೆಲ್ಮೆಟ್ ಕಟ್ಟಿಕೊಳ್ಳುವ ಹೊತ್ತೂ, ಬೂಟಿನ ದಾರ ಬಿಗಿಯುವ ಹೊತ್ತೂ ಲೆಕ್ಕಕ್ಕೆ ಸೇರುತ್ತವೆ.

ಈ ಕ್ರಮಕ್ಕೆ ಅರ್ಥವಿದೆ. ದಣಿದವನು ಓಟದ ನಡುವೆ ರಸ್ತೆಯ ಬದಿಯಲ್ಲಿ ಕುಳಿತುಕೊಳ್ಳಬಹುದು. ಕೆರೆಯ ನಡುವೆ ಕುಳಿತುಕೊಳ್ಳಲಾಗದು. ಆದುದರಿಂದ ಮೈಯಲ್ಲಿ ಕಸುವಿರುವಾಗಲೇ ನೀರಿನ ಕೆಲಸ ಮುಗಿದುಹೋಗಬೇಕು.

ಸ್ಪರ್ಧೆಯ ಅಳತೆಗಳು ಹಲವು. ಒಲಿಂಪಿಕ್ ಅಳತೆಯಲ್ಲಿ ೧,೫೦೦ ಮೀಟರ್ ಈಜು, ೪೦ ಕಿಲೋಮೀಟರ್ ಸೈಕಲ್, ೧೦ ಕಿಲೋಮೀಟರ್ ಓಟ. ಅದರ ಅರ್ಧವೇ ಕಿರು ಟ್ರಯಥ್ಲಾನ್. ಇದನ್ನು ‘ಸ್ಪ್ರಿಂಟ್’ ಎಂದು ಕರೆಯುತ್ತಾರೆ: ೭೫೦ ಮೀಟರ್, ೨೦ ಕಿಲೋಮೀಟರ್, ೫ ಕಿಲೋಮೀಟರ್. ಹೆಸರು ಕೇಳಿ ಇದು ನೂರು ಮೀಟರಿನ ಓಟದಂತೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುವುದೆಂದು ಯಾರೂ ಭಾವಿಸಬಾರದು. ಲೋಕದ ಅಗ್ರಗಣ್ಯ ಪುರುಷರು ಇದನ್ನು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ನಮ್ಮಂಥವರಿಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಈ ಆಟ ಇಂದಿನ ರೂಪಕ್ಕೆ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ. ೧೯೭೪ನೆಯ ಇಸವಿ ಸೆಪ್ಟೆಂಬರ್ ೨೫ರಂದು ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ ಅಲ್ಲಿಯ ಓಟಗಾರರ ಸಂಘದವರು ಇಂಥದೊಂದು ಪಂದ್ಯವನ್ನು ನಡೆಸಿದರು. ಅದನ್ನು ಏರ್ಪಡಿಸಿದವರು ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶನಹನ್ ಎಂಬಿಬ್ಬರು. ಭಾಗವಹಿಸಿದವರು ೪೬ ಮಂದಿ. ಇದೂ ಒಂದು ಕಿರು ಸ್ಪರ್ಧೆಯೇ ಆಗಿತ್ತೆಂಬುದು ಗಮನಿಸಬೇಕಾದ ವಿಷಯ. ದಿನದ ಕೆಲಸ ಮುಗಿಸಿಕೊಂಡು ಬಂದ ಹವ್ಯಾಸಿಗಳು ತಮ್ಮ ಸಂತೋಷಕ್ಕಾಗಿ ಹೂಡಿದ ಆಟವದು.

ನಾಲ್ಕು ವರ್ಷಗಳ ಅನಂತರ, ೧೯೭೮ರ ಫೆಬ್ರವರಿ ೧೮ರಂದು, ಹವಾಯಿ ದ್ವೀಪಗಳಲ್ಲಿ ‘ಐರನ್‌ಮ್ಯಾನ್’ ಎಂಬ ಅತಿ ದೀರ್ಘ ಸ್ಪರ್ಧೆ ಮೊದಲಾಯಿತು. ಸುಮಾರು ೩.೮ ಕಿಲೋಮೀಟರ್ ಈಜಿ, ೧೮೦ ಕಿಲೋಮೀಟರ್ ಸೈಕಲ್ ತುಳಿದು, ಆ ಮೇಲೆ ಪೂರ್ತಿ ಮ್ಯಾರಥಾನ್ ಓಡಬೇಕು. ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ೧೯೮೨ರ ಫೆಬ್ರವರಿಯಲ್ಲಿ ಇದೇ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿ, ವ್ಯಾಯಾಮದ ಶರೀರಶಾಸ್ತ್ರವನ್ನು ಕುರಿತ ತನ್ನ ಅಧ್ಯಯನಕ್ಕೆ ಸಾಮಗ್ರಿ ಬೇಕೆಂದು ಭಾಗವಹಿಸಿದಳು. ಮಹಿಳೆಯರಲ್ಲಿ ಆಕೆಯೇ ಮುಂದಿದ್ದಳು. ಕೊನೆಯ ಗೆರೆ ಕಣ್ಣಿಗೆ ಕಾಣುತ್ತಿರುವಾಗ ಆಕೆಯ ಕಾಲುಗಳು ಕೈಕೊಟ್ಟವು. ಬಿದ್ದು, ಎದ್ದು, ಮತ್ತೆ ಬಿದ್ದು, ಕಡೆಗೆ ಅಂಬೆಗಾಲಿಕ್ಕುತ್ತ ಗೆರೆಯನ್ನು ಮುಟ್ಟಿದಳು. ಅಷ್ಟರಲ್ಲಿ ಇನ್ನೊಬ್ಬಾಕೆ ಮುಂದೆ ಹೋಗಿದ್ದಳು. ಟೆಲಿವಿಷನ್ನಿನಲ್ಲಿ ಈ ದೃಶ್ಯವನ್ನು ಕಂಡ ಜನರಿಗೆ ಗೆದ್ದವಳಿಗಿಂತ ಎರಡನೆಯವಳೇ ಹೆಚ್ಚು ನೆನಪಿನಲ್ಲಿ ಉಳಿದಳು.

೧೯೮೯ರಲ್ಲಿ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪಿತವಾಯಿತು. ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಇದಕ್ಕೆ ಪದಕಗಳು ದೊರೆತವು. ಅಲ್ಲಿ ಮಹಿಳೆಯರಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಜಿಟ್ ಮೆಕ್‌ಮಹೋನ್, ಪುರುಷರಲ್ಲಿ ಕೆನಡದ ಸೈಮನ್ ವಿಟ್‌ಫೀಲ್ಡ್ ಚಿನ್ನ ಗೆದ್ದರು.

ಲೆಕ್ಕ ಏನು ಹೇಳುತ್ತದೆ?

ಹವ್ಯಾಸಿಯಾದವನು ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು. ಕಿರು ಟ್ರಯಥ್ಲಾನಿನ ಒಟ್ಟು ದೂರ ೨೫.೭೫ ಕಿಲೋಮೀಟರ್. ಅದರಲ್ಲಿ ಈಜಿನ ಪಾಲು ನೂರಕ್ಕೆ ಮೂರೂ ಇಲ್ಲ. ಆದರೆ ಕಾಲದ ಲೆಕ್ಕ ಬೇರೆ. ಸಾಧಾರಣ ಶಕ್ತಿಯ ಹೊಸಬನೊಬ್ಬ ೭೫೦ ಮೀಟರನ್ನು ೨೦ ನಿಮಿಷದಲ್ಲಿ ಈಜಿ, ಗಂಟೆಗೆ ೨೫ ಕಿಲೋಮೀಟರಿನಂತೆ ೪೮ ನಿಮಿಷ ಸೈಕಲ್ ತುಳಿದು, ಕಿಲೋಮೀಟರಿಗೆ ೬ ನಿಮಿಷದಂತೆ ೩೦ ನಿಮಿಷ ಓಡಿದನೆನ್ನೋಣ. ನಡುವಣ ಎರಡು ಬದಲಾವಣೆಗಳಿಗೆ ೪ ನಿಮಿಷ. ಒಟ್ಟು ೧೦೨ ನಿಮಿಷ. ದೂರದಲ್ಲಿ ನೂರಕ್ಕೆ ಮೂರೂ ಇಲ್ಲದ ಈಜು ಕಾಲದಲ್ಲಿ ಐದನೆಯ ಒಂದು ಭಾಗವನ್ನು ನುಂಗುತ್ತದೆ. ಸೈಕಲ್ಲು ಸುಮಾರು ಅರ್ಧ ಭಾಗವನ್ನು ತೆಗೆದುಕೊಳ್ಳುತ್ತದೆ.

ಬದಲಾವಣೆಯ ಹೊತ್ತಿನ ಬೆಲೆಯನ್ನೂ ನೋಡಿ. ಮನೆಯ ಅಂಗಳದಲ್ಲಿ ಹತ್ತು ಸಲ ಅಭ್ಯಾಸ ಮಾಡಿ ಬೂಟು, ಹೆಲ್ಮೆಟ್ ಇವುಗಳಲ್ಲಿ ಒಂದು ನಿಮಿಷ ಉಳಿಸಿದರೆ, ಅದು ೫ ಕಿಲೋಮೀಟರ್ ಓಟವನ್ನು ಕಿಲೋಮೀಟರಿಗೆ ೧೨ ಸೆಕೆಂಡು ಬೇಗ ಓಡಿದ್ದಕ್ಕೆ ಸಮ. ಕಾಲಿಗೆ ಅಷ್ಟು ವೇಗ ತರಿಸಲು ತಿಂಗಳುಗಳೇ ಬೇಕು. ಕೈಗೆ ಚುರುಕು ತರಿಸಲು ಒಂದು ಸಂಜೆ ಸಾಕು.

ಮೂರು ಅಂಗಗಳು

ಈಜು: ನಮ್ಮಲ್ಲಿ ಹಲವರು ಈಜು ಕಲಿತದ್ದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ. ನನ್ನ ವಿದ್ಯೆಯೂ ಅದೇ. ಬಾವಿಯ ಈಜಿನಲ್ಲಿ ತಲೆ ನೀರಿನ ಮೇಲಿರುತ್ತದೆ. ತಲೆ ಮೇಲೆದ್ದರೆ ಸೊಂಟವೂ ಕಾಲುಗಳೂ ಕೆಳಗಿಳಿಯುತ್ತವೆ. ಆಗ ಈಜುವವನು ತನ್ನ ಮೈಯನ್ನೇ ನೇಗಿಲಿನಂತೆ ನೀರಿನಲ್ಲಿ ಎಳೆದುಕೊಂಡು ಹೋಗಬೇಕಾಗುತ್ತದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದದ್ದು. ಆದುದರಿಂದ ಇಲ್ಲಿ ತೋಳಿನ ಬಲಕ್ಕಿಂತ ಮೈಯ ಭಂಗಿಯೇ ಮುಖ್ಯ. ಮುಖವನ್ನು ನೀರಿನೊಳಗಿಟ್ಟು, ಉಸಿರನ್ನು ನೀರಿನಲ್ಲೇ ನಿಧಾನವಾಗಿ ಬಿಟ್ಟು, ತಲೆಯನ್ನು ಪಕ್ಕಕ್ಕೆ ಹೊರಳಿಸಿ ಗಾಳಿ ಎಳೆದುಕೊಳ್ಳುವುದನ್ನು ಕಲಿಯಬೇಕು. ಹೊಸಬರ ತೊಂದರೆಯೆಲ್ಲ ಉಸಿರನ್ನು ಪೂರ್ತಿ ಬಿಡದೆ ಹಿಡಿದಿಟ್ಟುಕೊಳ್ಳುವುದರಲ್ಲಿದೆ. ಹಳೆಯ ಗಾಳಿ ಹೊರಗೆ ಹೋಗದೆ ಹೊಸ ಗಾಳಿಗೆ ಎದೆಯಲ್ಲಿ ಜಾಗವೆಲ್ಲಿ?

ಕೊಳದಲ್ಲಿ ಈಜುವವನಿಗೆ ತಳದಲ್ಲಿ ಗೆರೆ ಕಾಣುತ್ತದೆ. ಕೆರೆಯಲ್ಲಿ, ಸಮುದ್ರದಲ್ಲಿ ಅಂಥ ಗುರುತಿಲ್ಲ. ಆರೆಂಟು ಬೀಸಿಗೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲೆತ್ತಿ, ತೇಲಬಿಟ್ಟಿರುವ ಬಣ್ಣದ ಗುರುತಿನ ಬೆಂಡನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ೭೫೦ ಮೀಟರಿನ ಈಜು ೯೦೦ ಮೀಟರ್ ಆದೀತು.

ಸೈಕಲ್: ಬೆಲೆಬಾಳುವ ಸೈಕಲ್ಲಿಲ್ಲವೆಂದು ಹಿಂದೆ ಸರಿಯುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಮೊದಲ ಸ್ಪರ್ಧೆಗೆ ಸಾಧಾರಣ ಸೈಕಲ್ಲು ಸಾಕು. ಆದರೆ ಎರಡು ಬ್ರೇಕುಗಳೂ ಸರಿಯಾಗಿ ಹಿಡಿಯಬೇಕು, ಚಕ್ರಗಳಲ್ಲಿ ಗಾಳಿ ತುಂಬಿರಬೇಕು, ಹ್ಯಾಂಡಲಿನ ಕೊಳವೆಯ ತುದಿಗಳು ಮುಚ್ಚಿರಬೇಕು. ನಿಲ್ಲಿಸಿದ ಸೈಕಲ್ಲನ್ನು ಮುಟ್ಟುವುದಕ್ಕೆ ಮೊದಲೇ ಹೆಲ್ಮೆಟ್ ಕಟ್ಟಿಕೊಂಡಿರಬೇಕು. ಸೈಕಲ್ಲನ್ನು ಮತ್ತೆ ಅದರ ಜಾಗದಲ್ಲಿ ನಿಲ್ಲಿಸುವವರೆಗೆ ಅದನ್ನು ಬಿಚ್ಚಕೂಡದು. ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಸವಾರನ ಶತ್ರು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಶ್ರಮ ಬಹಳ ಮಟ್ಟಿಗೆ ಉಳಿಯುತ್ತದೆ. ಆದುದರಿಂದಲೇ ಹವ್ಯಾಸಿಗಳ ಬಹುಪಾಲು ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಕಿರು ಅಳತೆಯಲ್ಲಿ ಸಾಮಾನ್ಯವಾಗಿ ೧೦ ಮೀಟರ್ ಅಂತರವಿರಬೇಕು. ಹಿಂದೆ ಹಾಕುವುದಾದರೆ ತಡಮಾಡದೆ ಹಾಕಬೇಕು. ತನ್ನ ಪಾಲಿನ ಗಾಳಿಯನ್ನು ತಾನೇ ಸೀಳಬೇಕೆಂಬುದೇ ಇದರ ಧರ್ಮ.

ಓಟ: ಸೈಕಲ್ಲಿನಿಂದ ಇಳಿದು ಓಡಲು ಹೊರಟವನಿಗೆ ಕಾಲುಗಳು ತನ್ನವಲ್ಲವೆನಿಸುತ್ತದೆ, ಮರದ ಕಾಲು ಕಟ್ಟಿದಂತಾಗುತ್ತದೆ. ಅಷ್ಟು ಹೊತ್ತೂ ಕುಳಿತು ವೃತ್ತಾಕಾರವಾಗಿ ತುಳಿಯುತ್ತಿದ್ದ ಸ್ನಾಯುಗಳು ಈಗ ಇಡೀ ಮೈಯ ಭಾರವನ್ನು ಹೊತ್ತು ಬೇರೊಂದು ಲಯಕ್ಕೆ ಹೊಂದಿಕೊಳ್ಳಬೇಕು. ಇದು ಸಹಜವೆಂದು ತಿಳಿದವನು ಹೆದರುವುದಿಲ್ಲ. ಮೊದಲ ಅರ್ಧ ಕಿಲೋಮೀಟರನ್ನು ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಸಾಗಿಸಿದರೆ ಕಾಲುಗಳು ತಾವಾಗಿಯೇ ದಾರಿಗೆ ಬರುತ್ತವೆ. ವಾರಕ್ಕೊಮ್ಮೆ ಸೈಕಲ್ ತುಳಿದ ಕೂಡಲೇ ಹತ್ತು ನಿಮಿಷ ಓಡಿ ಇದನ್ನು ರೂಢಿಮಾಡಿಕೊಳ್ಳಬೇಕು.

ಸಿದ್ಧತೆ

ಮೊದಲೇ ಅಲ್ಪಸ್ವಲ್ಪ ಈಜು ಬಲ್ಲವನಿಗೆ ಹತ್ತು ವಾರಗಳ ಅಭ್ಯಾಸ ಸಾಕು. ವಾರದಲ್ಲಿ ಎರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ವಿಶ್ರಾಂತಿ. ವಿಶ್ರಾಂತಿಯೂ ಅಭ್ಯಾಸದ ಒಂದು ಭಾಗವೇ. ಸ್ನಾಯು ಬೆಳೆಯುವುದು ದುಡಿಯುವಾಗಲ್ಲ, ದುಡಿದು ಮಲಗಿದಾಗ. ಬಹುಪಾಲು ಅಭ್ಯಾಸ ಜೊತೆಗಾರನೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನದಲ್ಲಿರಬೇಕು. ಕೊನೆಯ ವಾರ ಹೊರೆಯನ್ನು ಅರ್ಧಕ್ಕಿಳಿಸಬೇಕು.

ಆಹಾರದ ವಿಷಯದಲ್ಲಿ ಆಡಂಬರ ಬೇಕಿಲ್ಲ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಸಕ್ಕರೆಯ ಅಂಶ ಒಂದೂವರೆ ಗಂಟೆಯಷ್ಟು ಕಾಲದ ಬಿರುಸಾದ ದುಡಿಮೆಗೆ ಒದಗುತ್ತದೆ. ಹಿಂದಿನ ರಾತ್ರಿ ಮಾಮೂಲಿನ ಅನ್ನ, ಮುದ್ದೆ. ಬೆಳಗ್ಗೆ ಎರಡು ಗಂಟೆ ಮುಂಚೆ ಎರಡು ಇಡ್ಲಿ, ಒಂದು ಬಾಳೆಹಣ್ಣು. ಬಾಯಾರಿದಷ್ಟು ನೀರು ಕುಡಿಯಬೇಕು. ಹೆದರಿ ಹೊಟ್ಟೆ ತುಂಬ ನೀರು ಸುರಿದುಕೊಂಡರೆ ರಕ್ತದಲ್ಲಿಯ ಉಪ್ಪಿನ ಅಂಶ ತಗ್ಗಿ ಅದೇ ಅಪಾಯವಾದೀತು. ಆದರೆ ಬಿಸಿಲನ್ನು ಹಗುರವಾಗಿ ಕಾಣಬಾರದು. ೨೦೧೬ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ದೇಶದ ಕೊಜುಮೆಲ್‌ನಲ್ಲಿ ಮುಂದಾಳಾಗಿ ಓಡುತ್ತಿದ್ದ ಬ್ರಿಟನ್ನಿನ ಜಾನಿ ಬ್ರೌನ್ಲಿ, ಕೊನೆಯ ಗೆರೆಗೆ ಕೆಲವೇ ನೂರು ಮೀಟರ್ ಇರುವಾಗ ಸೆಕೆಗೆ ಸಿಕ್ಕಿ ತೂರಾಡತೊಡಗಿದನು. ಹಿಂದಿನಿಂದ ಬಂದ ಅವನ ಅಣ್ಣ ಅಲಿಸ್ಟೇರ್, ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದವನು, ತನ್ನ ಗೆಲುವಿನ ಆಸೆಯನ್ನು ಬಿಟ್ಟು ತಮ್ಮನ ತೋಳನ್ನು ಹೆಗಲಿಗೇರಿಸಿಕೊಂಡು ಓಡಿ, ಅವನನ್ನು ತನಗಿಂತ ಮುಂದಾಗಿ ಗೆರೆಯಾಚೆ ತಳ್ಳಿದನು. ಲೋಕದ ಶ್ರೇಷ್ಠರಿಗೇ ಹೀಗಾಗಬಹುದಾದರೆ ನಮ್ಮ ಪಾಡೇನು?

ಅಪಾಯ ಎಲ್ಲಿದೆ?

ಇಲ್ಲಿ ಒಂದು ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ ೧೯೮೫ರಿಂದ ೨೦೧೬ರವರೆಗೆ ಸಂಭವಿಸಿದ ಸಾವುಗಳನ್ನೂ ಹೃದಯ ನಿಂತು ಬದುಕಿಸಲ್ಪಟ್ಟ ಪ್ರಸಂಗಗಳನ್ನೂ ವೈದ್ಯರು ಪರಿಶೀಲಿಸಿದ್ದಾರೆ. ಒಟ್ಟು ೧೩೫ ಪ್ರಸಂಗಗಳಲ್ಲಿ ೯೦ ನಡೆದದ್ದು ಈಜಿನಲ್ಲಿ. ಲಕ್ಷ ಮಂದಿ ಸ್ಪರ್ಧಿಗಳಿಗೆ ಇಬ್ಬರಿಗಿಂತ ಕಡಮೆಯೆಂಬುದು ಸಮಾಧಾನದ ಮಾತು. ಆದರೆ ಮೂರರಲ್ಲಿ ಎರಡು ಪಾಲು ನೀರಿನಲ್ಲಿಯೇ ಎಂಬುದು ಎಚ್ಚರಿಕೆಯ ಮಾತು. ಹೊರಡುವ ಮುನ್ನ ವೈದ್ಯರಿಗೆ ಎದೆ ತೋರಿಸಿ ಬರುವುದು ಹೇಡಿತನವಲ್ಲ. ಒಂಟಿಯಾಗಿ ಕೆರೆಗಿಳಿದು ಅಭ್ಯಾಸ ಮಾಡುವುದು ಧೈರ್ಯವೂ ಅಲ್ಲ.

ಇದನ್ನು ನಾನು ಬರಿಯ ಪುಸ್ತಕದಿಂದ ಕಲಿತವನಲ್ಲ. ಕಳೆದ ವರ್ಷ ಸಮುದ್ರತೀರದ ಒಂದೂರಿನಲ್ಲಿ ನಡೆದ ಕಿರು ಟ್ರಯಥ್ಲಾನಿಗೆ ಚಿಕ್ಕಪ್ಪನ ಮಗನ ಸೈಕಲ್ಲನ್ನು ಎರವಲು ಪಡೆದು ಹೋಗಿದ್ದೆ. ಕೊಳದಲ್ಲಿ ಸಾವಿರ ಮೀಟರ್ ಈಜಿದ್ದೆನಾದರೂ ತೆರೆದ ನೀರಿನಲ್ಲಿ ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದೇ. ಶಿಳ್ಳೆ ಊದಿದ ಕೂಡಲೇ ಎಲ್ಲರೂ ಒಟ್ಟಿಗೆ ನೀರಿಗೆ ನುಗ್ಗಿದರು. ನಾನೂ ಅವರ ವೇಗಕ್ಕೆ ಹೊರಟೆ. ಯಾರದೋ ಕಾಲು ಮುಖಕ್ಕೆ ತಗುಲಿ ಈಜುಕನ್ನಡಕ ಜಾರಿತು. ಒಂದು ಗುಟುಕು ಉಪ್ಪುನೀರು ಗಂಟಲಿಗಿಳಿಯಿತು. ಕೆಳಗೆ ನೋಡಿದರೆ ತಳವಿಲ್ಲ, ಬರಿಯ ಕತ್ತಲೆ. ಎದೆ ಹೊಡೆದುಕೊಳ್ಳತೊಡಗಿತು, ಉಸಿರು ಎಳೆದಷ್ಟೂ ಸಾಲದು. ಇನ್ನೂರು ಮೀಟರ್ ಕೂಡ ಆಗಿರಲಿಲ್ಲ.

ಹೇಗೋ ಹತ್ತಿರದ ಬೆಂಡನ್ನು ತಲುಪಿ ಅದನ್ನು ಅಪ್ಪಿಕೊಂಡೆ. ದಣಿದವನು ಬೆಂಡನ್ನೋ ನಿಂತ ದೋಣಿಯನ್ನೋ ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು, ಅದರಿಂದ ಮುಂದಕ್ಕೆ ಸಾಗದಿದ್ದರಾಯಿತು ಎಂಬ ನಿಯಮ ಆಗ ನೆನಪಿಗೆ ಬಂತು. ಆದರೂ ನಾಚಿಕೆ. ನೋಡುವವರು ಏನೆಂದುಕೊಂಡಾರು ಎಂಬ ಯೋಚನೆ ಆ ಸ್ಥಿತಿಯಲ್ಲಿಯೂ ಬಿಡಲಿಲ್ಲ. ಸಹಾಯ ಬೇಕಾದವನು ಕೈಯನ್ನು ತಲೆಯ ಮೇಲೆತ್ತಿ ಕೂಗಬೇಕು. ದೋಣಿ ಬರುತ್ತದೆ, ಸ್ಪರ್ಧೆ ಅಲ್ಲಿಗೆ ಮುಗಿಯುತ್ತದೆ. ನನ್ನ ಕೈ ಮೇಲೇಳಲೊಲ್ಲದು. ಅಷ್ಟರಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ಹಿಂದಿನಿಂದ ನಿಧಾನವಾಗಿ ಈಜುತ್ತ ಬಂದು ಪಕ್ಕದಲ್ಲಿ ನಿಂತರು.

“ಏನಪ್ಪಾ, ದೋಣಿಗೆ ನಾನೇ ಕೈ ಎತ್ತಲೇ?” ಎಂದರು.

“ಬೇಡಿ ಸಾರ್, ಉಸಿರು ಸಿಕ್ಕರೆ ಸಾಕು” ಎಂದೆ.

“ಹಾಗಾದರೆ ಅಂಗಾತ ಮಲಕ್ಕೊ. ಆಕಾಶ ನೋಡು. ಉಸಿರು ಬಿಡು, ಎಳೀಬೇಡ, ಮೊದಲು ಬಿಡು” ಎಂದರು.

ಹೇಳಿದಂತೆ ಮಾಡಿದೆ. ಎರಡು ಮೂರು ನಿಮಿಷಗಳಲ್ಲಿ ಎದೆಯ ಬಡಿತ ಇಳಿಯಿತು. ಅಷ್ಟು ಹೊತ್ತೂ ಅವರು ಅಲ್ಲಿಯೇ ಕೈಕಾಲಾಡಿಸುತ್ತ ತೇಲುತ್ತಿದ್ದರು. ಅವರ ಗಡಿಯಾರವೂ ಓಡುತ್ತಿತ್ತೆಂಬುದು ನನಗೆ ಹೊಳೆದದ್ದು ಬಹಳ ಹೊತ್ತಿನ ಮೇಲೆ. ನಾನು ಮತ್ತೆ ಈಜತೊಡಗಿದ ಮೇಲೆಯೇ ಅವರು ಮುಂದೆ ಸಾಗಿದರು.

ಈಜಿಗೆ ೨೭ ನಿಮಿಷ, ಸೈಕಲ್ಲಿಗೆ ೫೧, ಓಟಕ್ಕೆ ೩೪, ಬದಲಾವಣೆಗಳಿಗೆ ೬. ಒಟ್ಟು ೧೧೮ ನಿಮಿಷ. ಹಾಕಿಕೊಂಡ ಲೆಕ್ಕಕ್ಕಿಂತ ೧೬ ನಿಮಿಷ ಹೆಚ್ಚು. ಕೊನೆಯಿಂದ ಎಣಿಸಿದರೆ ನಾಲ್ಕನೆಯವನು. ಆ ಹಿರಿಯರು ನನ್ನ ಹಿಂದೆಯೇ ಬಂದರು. ಹೋಗಿ ನಮಸ್ಕಾರ ಮಾಡಿದೆ. ಅವರು ನನ್ನ ಬೆನ್ನು ತಟ್ಟಿ, “ಅಂದಹಾಗೆ, ಆಗ ಕೈ ಎತ್ತಿದ್ದರೂ ತಪ್ಪಿರಲಿಲ್ಲಪ್ಪ” ಎಂದಷ್ಟೇ ಹೇಳಿ ಬಾಳೆಹಣ್ಣು ಸುಲಿಯತೊಡಗಿದರು.

ಉಪಸಂಹಾರ

ಗೆಲ್ಲುವ ಆಸೆಯಿಲ್ಲದವನು ಪಂದ್ಯಕ್ಕೇಕೆ ಹೋಗಬೇಕೆಂದು ಮಿತ್ರರು ಕೇಳುತ್ತಾರೆ. ಪಂದ್ಯದ ದಿನವೊಂದು ಎದುರಿಗಿಲ್ಲದಿದ್ದರೆ ಬೆಳಗ್ಗೆ ಐದಕ್ಕೆ ಏಳುವ ಸಂಕಲ್ಪ ಮೂರನೆಯ ದಿನಕ್ಕೇ ಸಡಿಲವಾಗುತ್ತದೆಂಬುದು ಒಂದು ಉತ್ತರ. ಇನ್ನೊಂದು ಉತ್ತರವಿದೆ. ಒಂದು ಆಟದಲ್ಲಿ ಬಲ್ಲಿದನಾದವನು ಅದರಲ್ಲಿಯೇ ಇದ್ದರೆ ತನ್ನ ಕುಂದನ್ನು ಎಂದಿಗೂ ಕಾಣಲಾರ. ಇಲ್ಲಿ ಮೂರರಲ್ಲಿ ಒಂದಾದರೂ ನಮ್ಮ ಕೈಗೆ ನಿಲುಕದ್ದು ಇದ್ದೇ ಇರುತ್ತದೆ. ಒಳ್ಳೆಯ ಓಟಗಾರನು ನೀರಿನಲ್ಲಿ ಶಿಷ್ಯನಾಗಬೇಕು, ಒಳ್ಳೆಯ ಈಜುಗಾರನು ರಸ್ತೆಯ ಮೇಲೆ ಶಿಷ್ಯನಾಗಬೇಕು. ನನ್ನ ಕುಂದು ನೀರೆಂದು ತಿಳಿದುಕೊಂಡೆ. ಆ ಸ್ಪರ್ಧೆಯ ಮೇಲೆ ಈವರೆಗೆ ಹನ್ನೊಂದು ಸಲ ತೆರೆದ ನೀರಿನಲ್ಲಿ, ಬಲ್ಲವರ ಜೊತೆಯಲ್ಲಿ, ಈಜಿದ್ದೇನೆ. ಹೆದರಿಕೆ ಪೂರ್ತಿ ಹೋಗಿಲ್ಲ. ಅದು ಬಂದಾಗ ಏನು ಮಾಡಬೇಕೆಂಬುದು ಮಾತ್ರ ಗೊತ್ತಾಗಿದೆ.

ನಮ್ಮ ಕಾಲೇಜಿನಲ್ಲಿ ಈಜುಕೊಳವಿಲ್ಲ. ಅದಕ್ಕಾಗಿ ಕಾಯಬೇಕಾಗಿಲ್ಲ. ಈಜು ಬಾರದವರಿಗೆಂದೇ ಓಟ, ಸೈಕಲ್, ಮತ್ತೆ ಓಟ ಎಂಬ ‘ಡ್ಯುಯಥ್ಲಾನ್’ ಸ್ಪರ್ಧೆ ಇದೆ, ಅಲ್ಲಿಂದ ಆರಂಭಿಸಬಹುದು. ಈಗ ನಾವು ನಾಲ್ವರಿದ್ದೇವೆ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಕಾಲೇಜಿನ ಗೇಟಿನ ಬಳಿ ಸೇರುತ್ತೇವೆ. ಬರುವವರು ಎರಡು ಬ್ರೇಕು ಹಿಡಿಯುವ ಸೈಕಲ್ಲನ್ನೂ ಒಂದು ಹೆಲ್ಮೆಟ್ಟನ್ನೂ ತಂದರೆ ಸಾಕು. ನಿಧಾನವಾಗಿ ತುಳಿಯುವವರು ಬಂದರೆ ಇನ್ನೂ ಸಂತೋಷ. ಅವರಿಗಾಗಿ ನಿಲ್ಲುವುದನ್ನು ನಾವು ಕಲಿತಿದ್ದೇವೆ.